ಕೋಲಾರದ ಬೆಟ್ಟಗಳನ್ನು ಓದುವುದು ಹೇಗೆ?

ಪರ್ವತ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಹೈಸ್ಕೂಲ್ ಪುಸ್ತಕದ ಆ ಚಿತ್ರ. ಎರಡು ಭೂಫಲಕಗಳು ಎದುರುಬದುರಾಗಿ ಬಂದು ಗುದ್ದುತ್ತವೆ, ನಡುವಿನ ನೆಲ ಜಮಖಾನದಂತೆ ಮಡಚಿಕೊಂಡು ಮೇಲೇಳುತ್ತದೆ, ಹಿಮಾಲಯ ಸಿದ್ಧ. ಅದು ಸುಮಾರು 5 ಕೋಟಿ ವರ್ಷದ ಹಿಂದೆ ಶುರುವಾದ ಕೆಲಸ, ಇನ್ನೂ ಮುಗಿದಿಲ್ಲ. ಇದೇ ಚಿತ್ರ ಇಟ್ಟುಕೊಂಡು ಕೋಲಾರದ ಅಂತರಗಂಗೆ ಬೆಟ್ಟವನ್ನೋ ಮುಳಬಾಗಿಲಿನ ಬಂಡೆಗುಡ್ಡಗಳನ್ನೋ ನೋಡಿದರೆ ಒಂದೂ ಅರ್ಥವಾಗುವುದಿಲ್ಲ. ಮಡಿಕೆ ಎಲ್ಲಿ? ಸಾಲು ಎಲ್ಲಿ? ಸಮತಟ್ಟಾದ ಹೊಲದ ನಡುವೆ ಇದ್ದಕ್ಕಿದ್ದಂತೆ ಒಂದು ಬಂಡೆ ರಾಶಿ, ಮತ್ತೆ ಹೊಲ, ಅದರಾಚೆ ಇನ್ನೊಂದು ರಾಶಿ. ಯಾರೋ ಮೇಲಿನಿಂದ ಸುರಿದು ಹೋದ ಹಾಗೆ.

ನಿಜ ಏನೆಂದರೆ ಈ ಬೆಟ್ಟಗಳನ್ನು ಯಾರೂ ಮೇಲೆತ್ತಿ ನಿಲ್ಲಿಸಿಲ್ಲ. ಸುತ್ತಲಿನ ನೆಲ ಸವೆದು ಕೆಳಗಿಳಿಯಿತು, ಸವೆಯದೆ ಉಳಿದದ್ದು ಬೆಟ್ಟವಾಯಿತು. ಭೂಗೋಳದಲ್ಲಿ ಇವಕ್ಕೆ ಉಳಿಕೆ ಬೆಟ್ಟಗಳು ಅನ್ನುತ್ತಾರೆ. ಹಾಗಾದರೆ ಒಂದೇ ಬಗೆಯ ಕಲ್ಲು ಒಂದು ಕಡೆ ಸವೆದು ಇನ್ನೊಂದು ಕಡೆ ಉಳಿದದ್ದು ಏಕೆ? ಉತ್ತರ ಒಂದೇ ಪದದಲ್ಲಿದೆ: ಬಿರುಕು. ಬೆಟ್ಟ ಎಲ್ಲಿ ನಿಲ್ಲಬೇಕು, ಕೆರೆ ಎಲ್ಲಿ ಕಟ್ಟಬಹುದು, ಯಾರ ಬೋರಿನಲ್ಲಿ ನೀರು ಬರುತ್ತದೆ, ಯಾರ ದುಡ್ಡು ಧೂಳಾಗಿ ಹೋಗುತ್ತದೆ ಎಂಬ ಎಲ್ಲದರ ಹಿಂದೆಯೂ ಬಂಡೆಯ ಬಿರುಕುಗಳಿವೆ. ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಕಲ್ಲಿನ ಪರಿಚಯ

ನಾವು ನಿಂತಿರುವ ನೆಲದ ಹೆಸರು ಧಾರವಾಡ ಕ್ರೇಟಾನ್. ಕ್ರೇಟಾನ್ ಅಂದ್ರೆ ಖಂಡದ ತುಂಬಾ ಹಳೆಯ, ಗಟ್ಟಿಯಾಗಿ ನೆಲೆ ನಿಂತ ಭಾಗ. ಕೋಲಾರ ಇರುವುದು ಇದರ ಪೂರ್ವಾರ್ಧದಲ್ಲಿ. ಇಲ್ಲಿನ ಮುಖ್ಯ ಕಲ್ಲುಗಳು ಗ್ರಾನೈಟ್ ಮತ್ತು ನೈಸ್. ನೈಸ್ ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ಬಿಳಿ-ಕಪ್ಪು ಪಟ್ಟೆ ಮೂಡಿದ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಜಾತಿಯದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿ ಬೋರ್ಡು ಹಾಕಿದ್ದಾರೆ. ಕೋಲಾರದ ಕಡೆಯ ನೈಸ್ ಮತ್ತು ಗ್ರಾನೈಟ್‌ಗಳ ವಯಸ್ಸು ಹೆಚ್ಚೂಕಡಿಮೆ 250ರಿಂದ 265 ಕೋಟಿ ವರ್ಷ. ಹಿಮಾಲಯದ 5 ಕೋಟಿಯ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ.

ಈ ಗ್ರಾನೈಟ್ ನೆಲದ ನಡುವೆ ಉತ್ತರ-ದಕ್ಷಿಣವಾಗಿ ಒಂದು ಕಪ್ಪು ಪಟ್ಟಿ ಹಾದುಹೋಗುತ್ತದೆ. ಉದ್ದ ಸುಮಾರು 80 ಕಿ.ಮೀ., ಅಗಲ ಬರೀ ಮೂರು-ನಾಲ್ಕು ಕಿ.ಮೀ. ಇದೇ ಕೋಲಾರ ಷಿಸ್ಟ್ ಪಟ್ಟಿ. ಸುಮಾರು 270 ಕೋಟಿ ವರ್ಷದ ಹಿಂದೆ ಲಾವಾ ಆಗಿ ಹರಿದ ಬಸಾಲ್ಟ್, ಆಮೇಲೆ ಶಾಖ-ಒತ್ತಡಕ್ಕೆ ಸಿಕ್ಕಿ ಈ ರೂಪಕ್ಕೆ ಬಂತು. ಕೆಜಿಎಫ್ ಚಿನ್ನ ಸಿಕ್ಕಿದ್ದು ಈ ಪಟ್ಟಿಯ ಬಿರುಕುಗಳಲ್ಲಿ ತುಂಬಿಕೊಂಡ ಬೆಣಚುಕಲ್ಲಿನ ಎಳೆಗಳಲ್ಲಿ. ಪಟ್ಟಿಯ ಪೂರ್ವದ ನೈಸ್ ಮತ್ತು ಪಶ್ಚಿಮದ ನೈಸ್‌ಗಳ ವಯಸ್ಸು ಬೇರೆ ಬೇರೆ. ಹೀಗಾಗಿ, ಎರಡು ಪ್ರತ್ಯೇಕ ಭೂಖಂಡಗಳು ಇಲ್ಲಿ ಬಂದು ಕೂಡಿಕೊಂಡಿರಬೇಕು ಎಂದು ಕೆಲವು ಭೂವಿಜ್ಞಾನಿಗಳು ವಾದಿಸುತ್ತಾರೆ. ಆ ವಾದ ಸರಿಯಾದರೆ, ಒಂದು ಕಾಲಕ್ಕೆ ಕೋಲಾರದಲ್ಲೂ ಹಿಮಾಲಯದಂಥದ್ದೇ ಗುದ್ದಾಟ ನಡೆದಿತ್ತು. ಆದರೆ ಆಗ ಎದ್ದ ಬೆಟ್ಟಗಳು ಎಂದೋ ಸವೆದು ಹೋದವು. ಈಗ ನಾವು ಹತ್ತುತ್ತಿರುವುದು ಒಂದು ಕಾಲದ ನೆಲಮಟ್ಟಕ್ಕಿಂತ ಎಷ್ಟೋ ಕಿಲೋಮೀಟರ್ ಕೆಳಗಿದ್ದ ಕಲ್ಲನ್ನು.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಕೋಲಾರದ ಬೆಟ್ಟಗಳು ಪೂರ್ವ ಘಟ್ಟಕ್ಕೆ ಸೇರಿದವೇ? ನಕ್ಷೆಯ ಲೆಕ್ಕದಲ್ಲಿ ಅದರ ಅಂಚಿನ ತುಣುಕುಗಳು ಅನ್ನಬಹುದು. ಆದರೆ ಪೂರ್ವ ಘಟ್ಟ ಎಂಬುದು ಪಶ್ಚಿಮ ಘಟ್ಟದ ಹಾಗೆ ಒಂದೇ ಉದ್ದನೆಯ ಗೋಡೆ ಅಲ್ಲ. ಒಡಿಶಾ ಮತ್ತು ಉತ್ತರ ಆಂಧ್ರದಲ್ಲಿ ಅದು ಖೊಂಡಲೈಟ್, ಚಾರ್ನೊಕೈಟ್ ಎಂಬ ಕಲ್ಲುಗಳಿಂದಾಗಿದೆ. ಕಡಪ-ನಲ್ಲಮಲದಲ್ಲಿ ಪದರಪದರವಾದ ಜಲಜ ಶಿಲೆ. ನಮ್ಮಲ್ಲಿ ಗ್ರಾನೈಟ್ ಮತ್ತು ನೈಸ್. ಹೆಸರು ಒಂದೇ, ಒಳಗಿನ ಸಾಮಾನು ಬೇರೆ ಬೇರೆ.

ಬಂಡೆ ದುಂಡಗಾಗುವುದು ಹೇಗೆ?

ಗ್ರಾನೈಟ್ ಹುಟ್ಟುವುದು ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ. ಕೋಟ್ಯಂತರ ವರ್ಷಗಳಲ್ಲಿ ಮೇಲಿನ ಹೊರೆ ಸವೆದಾಗ ಕೆಳಗಿನ ಕಲ್ಲಿನ ಮೇಲಿನ ಒತ್ತಡ ಇಳಿಯುತ್ತದೆ, ಕಲ್ಲು ಸ್ವಲ್ಪ ಹಿಗ್ಗುತ್ತದೆ, ನೆಲಕ್ಕೆ ಸಮಾನಾಂತರವಾಗಿ ಪದರ ಬಿಡುತ್ತದೆ. ಮೆಕ್ಯಾನಿಕ್ಸ್ ಭಾಷೆಯಲ್ಲಿ ಇದು ಅನ್‌ಲೋಡಿಂಗ್. ಈರುಳ್ಳಿ ಸಿಪ್ಪೆಯಂತೆ ಪದರ ಎದ್ದಿರುವ ಹಾಸುಬಂಡೆಗಳನ್ನು ಎಲ್ಲರೂ ನೋಡಿರುತ್ತೀರಿ. ಇದಲ್ಲದೆ ಹಳೆಯ ಒತ್ತಡಗಳಿಂದ ಬಿದ್ದ ಲಂಬ ಬಿರುಕುಗಳು ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿರುತ್ತವೆ. ಅಡ್ಡ ಒಂದು, ಉದ್ದ ಎರಡು, ಒಟ್ಟು ಮೂರು ಜೊತೆ ಬಿರುಕು ಸೇರಿದರೆ ಬಂಡೆ ಸಕ್ಕರೆ ಕ್ಯೂಬುಗಳನ್ನು ಜೋಡಿಸಿಟ್ಟ ಹಾಗೆ ಆಗುತ್ತದೆ.

ಮಳೆನೀರು ಗಾಳಿಯ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ತೀರಾ ಸೌಮ್ಯವಾದ ಆಮ್ಲವಾಗುತ್ತದೆ. ಇದು ಬಿರುಕಿನೊಳಗೆ ಇಳಿದು ಗ್ರಾನೈಟಿನ ಫೆಲ್ಡ್‌ಸ್ಪಾರನ್ನು ಜೇಡಿಮಣ್ಣು ಮಾಡುತ್ತದೆ, ಅಭ್ರಕವನ್ನು ಉಬ್ಬಿಸುತ್ತದೆ. ಬೆಣಚು ಮಾತ್ರ ಹಾಗೇ ಮರಳಾಗಿ ಉಳಿಯುತ್ತದೆ. ಈಗ ಕ್ಯೂಬಿನ ಜ್ಯಾಮಿತಿ ನೋಡಿ. ಮುಖದ ಮೇಲೆ ದಾಳಿ ಒಂದು ಕಡೆಯಿಂದ, ಅಂಚಿನ ಮೇಲೆ ಎರಡು ಕಡೆಯಿಂದ, ಮೂಲೆಯ ಮೇಲೆ ಮೂರು ಕಡೆಯಿಂದ. ಮೂಲೆ ಮೊದಲು ಹೋಗುತ್ತದೆ, ಆಮೇಲೆ ಅಂಚು. ಕೊನೆಗೆ ಉಳಿಯುವುದು ಗುಂಡು. ಅಂತರಗಂಗೆಯ ಮೇಲೆ ಒಂದರ ಮೇಲೊಂದು ಕೂತ ಆನೆಗಾತ್ರದ ಗುಂಡುಗಳು ಉರುಳಿ ಬಂದು ನಿಂತವಲ್ಲ. ಅವು ನೆಲದೊಳಗೇ ಇದ್ದ ಜಾಗದಲ್ಲಿ ದುಂಡಗಾದವು. ಸುತ್ತಲಿನ ಕೊಳೆತ ಕಲ್ಲು ಮಳೆಗೆ ಕೊಚ್ಚಿಹೋದಾಗ ಬೆಳಕಿಗೆ ಬಂದವು. ಜನ ತೆವಳಿಕೊಂಡು ಹೋಗುವ ಅಲ್ಲಿನ ಗುಹೆಗಳು ಈ ಗುಂಡುಗಳ ನಡುವಿನ ಖಾಲಿ ಜಾಗ, ಅಷ್ಟೆ.

ಬಿರುಕು ದಟ್ಟವಾಗಿರುವ ಕಡೆ ಕಲ್ಲು ಬೇಗ ಕೊಳೆತು ತಗ್ಗಾಯಿತು. ವಿರಳವಾಗಿರುವ ಕಡೆ ಬೆಟ್ಟವಾಗಿ ಉಳಿಯಿತು. ಇಲ್ಲಿ ಇನ್ನೊಂದು ಚಂದದ ವಿಷಯವಿದೆ. ಒಮ್ಮೆ ಬಂಡೆ ಸ್ವಲ್ಪ ಎತ್ತರಕ್ಕೆ ಬಂತು ಅಂದರೆ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿಹೋಗುತ್ತದೆ, ಬಂಡೆ ಒಣಗಿರುತ್ತದೆ, ನಿಧಾನ ಸವೆಯುತ್ತದೆ. ಜಾರಿದ ನೀರು ತಗ್ಗಿನಲ್ಲಿ ನಿಂತು ಅಲ್ಲಿನ ಕಲ್ಲನ್ನು ಇನ್ನಷ್ಟು ಬೇಗ ಕೊಳೆಸುತ್ತದೆ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದುವ ಪಾಸಿಟಿವ್ ಫೀಡ್‌ಬ್ಯಾಕ್ ಇದು. ಎತ್ತರ ಇದ್ದದ್ದು ಎತ್ತರವಾಗಿಯೇ ಉಳಿಯುತ್ತದೆ, ತಗ್ಗು ಇನ್ನೂ ತಗ್ಗಾಗುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ಕೋಲಾರ: ಊರಿನ ಪಕ್ಕದ ಬೆಟ್ಟಸಾಲಿಗೆ ಶತಶೃಂಗ ಎಂದು ಹೆಸರು, ಅಂದರೆ ನೂರು ಶಿಖರ. ಊರಿಗಿಂತ ಸುಮಾರು 350 ಮೀಟರ್ ಎತ್ತರ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಮೇಲೆ ತೇರಹಳ್ಳಿಯಂಥ ಊರುಗಳೂ ಹೊಲಗಳೂ ಇವೆ. ಕೆಳಗೆ ಕಾಶಿ ವಿಶ್ವೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಭಕ್ತರು ಕಾಶಿಯ ಗಂಗೆಯೇ ಬಂದಳು ಎನ್ನುತ್ತಾರೆ. 'ಅಂತರಗಂಗೆ', ಒಳಗಿನ ಗಂಗೆ, ಎಂಬ ಹೆಸರು ಭೂವಿಜ್ಞಾನಕ್ಕೂ ಒಪ್ಪುತ್ತದೆ. ಇಂಥ ಬೆಟ್ಟಗಳಲ್ಲಿ ಬುಗ್ಗೆ ಹುಟ್ಟುವ ರೀತಿ ಹೀಗೆ: ಮೇಲಿನ ಮಣ್ಣು ಮಳೆಯನ್ನು ಹೀರಿಕೊಳ್ಳುತ್ತದೆ, ನೀರು ಲಂಬ ಬಿರುಕಿನಲ್ಲಿ ಇಳಿಯುತ್ತದೆ, ಅಡ್ಡ ಪದರ ಸಿಕ್ಕಲ್ಲಿ ಪಕ್ಕಕ್ಕೆ ಹರಿಯುತ್ತದೆ, ಆ ಪದರ ಬೆಟ್ಟದ ಮೈಯನ್ನು ಮುಟ್ಟಿದ ಕಡೆ ಹೊರಗೆ ಬರುತ್ತದೆ. ದಾರಿ ಕಿರಿದಾದ್ದರಿಂದ ನೀರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೀಗಾಗಿ ಬೇಸಿಗೆಯಲ್ಲೂ ಬುಗ್ಗೆ ಬತ್ತುವುದಿಲ್ಲ.

ಮಾಲೂರು: ಬೆಟ್ಟದಿಂದ ಕೊಚ್ಚಿಬಂದ ಫೆಲ್ಡ್‌ಸ್ಪಾರ್ ಏನಾಯಿತು? ಜೇಡಿಮಣ್ಣಾಗಿ ಕೆರೆಯಂಗಳ ಸೇರಿತು. ಮಾಲೂರಿನ ಹೆಂಚು, ಇಟ್ಟಿಗೆ ಹೆಸರಾದದ್ದು ಇಂಥ ಮಣ್ಣಿನಿಂದ. ಕೊಳೆಯದೆ ಉಳಿದ ಕಲ್ಲು ಟೇಕಲ್ ಕಡೆ ಗುಡ್ಡಗಳಾಗಿ ನಿಂತಿದೆ. ಅಲ್ಲಿ ಚಪ್ಪಡಿ ತೆಗೆಯುವವರು ಬಿರುಕಿನ ದಿಕ್ಕು ನೋಡಿಯೇ ಉಳಿ ಇಡುತ್ತಾರೆ. ಹಾಸುಬಂಡೆಯ ಮೇಲೆ ಸೌದೆ ಸುಟ್ಟು ಪದರ ಎಬ್ಬಿಸುವ ಹಳೆಯ ಪದ್ಧತಿಯಲ್ಲಿ ಕೆಲಸ ಮಾಡುವುದು ಥರ್ಮಲ್ ಸ್ಟ್ರೆಸ್. ಇದೇ ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಶಿಲ್ಪಿಗಳು ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ; ಗಂಟೆಯ ಹಾಗೆ ನುಡಿದರೆ ಒಳಗೆ ಬಿರುಕಿಲ್ಲ, ಬೊದ್ದು ಸದ್ದು ಬಂದರೆ ಇದೆ. ಕಾಂಕ್ರೀಟಿಗೆ ನಾವು ಲ್ಯಾಬಿನಲ್ಲಿ ಮಾಡುವ ಅಲ್ಟ್ರಾಸಾನಿಕ್ ಪರೀಕ್ಷೆಯ ತತ್ವವೂ ಇದಕ್ಕಿಂತ ದೂರದ್ದೇನಲ್ಲ.

ಮುಳಬಾಗಿಲು: ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತು. ಮೈಸೂರು ಪ್ರಸ್ಥಭೂಮಿಯ ಪೂರ್ವದ ಬಾಗಿಲು. ಹೆಸರಿನಲ್ಲೇ ಭೂಗೋಳ ಇದೆ, ಏಕೆಂದರೆ ಇಲ್ಲಿಂದ ಮುಂದೆ ಹೆದ್ದಾರಿ ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟಿನಲ್ಲಿ ಇಳಿಯುತ್ತದೆ. ಮುಳಬಾಗಿಲು 800 ಮೀಟರ್ ದಾಟಿದರೆ ಚಿತ್ತೂರು ಮುನ್ನೂರು ಚಿಲ್ಲರೆ. ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನಗಳು ರಾಜ್ಯದ ಮೂಡಣ ಗಡಿಯಾಗಿ ನಂಗಲಿಯನ್ನು ಹೆಸರಿಸುವುದೂ ಈ ಇಳಿಜಾರಿನ ಕಾರಣಕ್ಕೇ ಇರಬೇಕು; ನೆಲ ಮುಗಿಯುವ ಕಡೆ ಗಡಿ ಹಾಕುವುದು ಸುಲಭ. 1768ರಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ ಮುಳಬಾಗಿಲಿನಲ್ಲಿ ಕದನ ನಡೆದದ್ದೂ ಈ ಬಾಗಿಲಿಗಾಗಿ. ಬಂಡೆಗುಡ್ಡಗಳ ನಡುವಿನ ದಾರಿ ಯಾರ ಕೈಲಿದೆಯೋ ಮೇಲಿನ ಬಯಲು ಅವರ ಕೈಲಿ. ತಾಲ್ಲೂಕಿನ ಆವನಿ ಬೆಟ್ಟ, ಅದರ ಬುಡದಲ್ಲಿರುವ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯ ಎರಡನ್ನೂ ಒಟ್ಟಿಗೆ ನೋಡಿ: ಸವೆಯದ ಕಲ್ಲು ಒಂದು ಕಡೆ ಪ್ರಕೃತಿಯ ಕೈಯಲ್ಲಿ, ಇನ್ನೊಂದು ಕಡೆ ಮನುಷ್ಯರ ಕೈಯಲ್ಲಿ.

ಶ್ರೀನಿವಾಸಪುರ: ಇಲ್ಲಿ ನೋಡಬೇಕಾದ್ದು ಬೆಟ್ಟಕ್ಕಿಂತ ಹೆಚ್ಚಾಗಿ ಮಣ್ಣು. ಕೊಳೆತ ನೈಸ್‌ನಲ್ಲಿದ್ದ ಕಬ್ಬಿಣ ತುಕ್ಕು ಹಿಡಿದು ಮಣ್ಣು ಕೆಂಪಾಗಿದೆ. ಗರಸು ಬೆರೆತ ಕೆಮ್ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಮಾವಿಗೆ ಬೇಕಾದ್ದೂ ಅದೇ. ಬೇರು ಕೊಳೆತ ಕಲ್ಲಿನ ಬಿರುಕು ಹಿಡಿದು ಆಳಕ್ಕೆ ಇಳಿಯುತ್ತದೆ. ಸೀಸನ್‌ನಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಸಾಲುಗಟ್ಟುವ ಮಾವಿನ ಲಾರಿಗಳ ಹಿಂದೆ ಕೋಟ್ಯಂತರ ವರ್ಷದ ತುಕ್ಕಿನ ಕಥೆ ಇದೆ.

ನೀರು ಎತ್ತ ಹರಿಯುತ್ತದೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೆ ಮೂರು ನದಿಗಳ ಜಲಾನಯನ ಪ್ರದೇಶ ಇದು. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಎರಡು ಪಿನಾಕಿನಿಗಳಲ್ಲಿ ಉತ್ತರದ್ದು ಪೆನ್ನಾರ್ ಆಗಿ ಆಂಧ್ರಕ್ಕೆ ಹೋಗುತ್ತದೆ. ಶ್ರೀನಿವಾಸಪುರದ ಉತ್ತರ ತುದಿಯ ನೀರು ಆ ಕಡೆಯದು. ದಕ್ಷಿಣದ್ದು ಹೊಸಕೋಟೆ, ಮಾಲೂರು ಸೀಮೆ ದಾಟಿ ತಮಿಳುನಾಡಿನಲ್ಲಿ ಪೊನ್ನೈಯಾರ್ ಎನಿಸಿಕೊಳ್ಳುತ್ತದೆ. ನಡುವೆ ಪಾಲಾರ್. ಒಟ್ಟು 348 ಕಿ.ಮೀ. ಉದ್ದದಲ್ಲಿ 93 ಕಿ.ಮೀ. ನಮ್ಮಲ್ಲಿ, ಬೇತಮಂಗಲದ ಕೆರೆ ತುಂಬಿ ಮುಂದಕ್ಕೆ. ಕೆಜಿಎಫ್ ಗಣಿಗಳಿಗೆ ನೀರು ಕೊಟ್ಟದ್ದು ಆ ಬೇತಮಂಗಲವೇ. ಮೂರೂ ಕೊನೆಗೆ ಬಂಗಾಳ ಕೊಲ್ಲಿಗೆ. ಅಂದ್ರೆ ನಮ್ಮ ಬೆಟ್ಟಗಳ ನೆತ್ತಿಯ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿ ಬೇರೆ ಬೇರೆ ರಾಜ್ಯ ಸೇರಬಹುದು. ಪೊನ್ನೈಯಾರಿನ ಉಪನದಿ ಮಾರ್ಕಂಡೇಯಕ್ಕೆ ಯರಗೋಳ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದದ್ದು ಇದಕ್ಕೇ. ಆ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡುವುದು ಅದರ ಉದ್ದೇಶ.

ನದಿ ಇಲ್ಲದ ಕಡೆ ನಮ್ಮ ಹಿರಿಯರು ಕೆರೆ ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಎರಡು ಬಂಡೆಗುಡ್ಡಗಳ ನಡುವಿನ ತಗ್ಗಿಗೆ ಏರಿ ಹಾಕಿದರೆ ಕೆರೆ. ಅದರ ಕೋಡಿ ಹರಿದು ಕೆಳಗಿನ ಕೆರೆ. ಬೋಳು ಬಂಡೆ ಇಲ್ಲಿ ದಂಡವಲ್ಲ. ಅದು ಮಳೆಯನ್ನು ಕುಡಿಯದೆ ಕೆರೆಗೆ ಸಾಗಿಸುವ ಚಾವಣಿ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ಒಂದು ಚದರ ಕಿಲೋಮೀಟರ್ ಮೇಲೆ ಬೀಳುವುದು 70 ಕೋಟಿ ಲೀಟರ್. ಬಂಡೆಯ ಮೈ ಅದರ ಬಹುಪಾಲನ್ನು ಬುಡಕ್ಕೆ ದಾಟಿಸುತ್ತದೆ.

ಸಾವಿರ ಅಡಿ ಬೋರಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ನೆಲದಡಿ ದೊಡ್ಡ ಹೊಳೆ ಇದೆ, ಇನ್ನೂ ಆಳಕ್ಕೆ ಕೊರೆದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗ್ರಾನೈಟ್ ನೆಲದಲ್ಲಿ ನೀರು ಇರುವುದು ಎರಡೇ ಕಡೆ: ಮೇಲಿನ ಕೊಳೆತ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. 10 ಮೀಟರ್ ದಪ್ಪದ ಕೊಳೆತ ಪದರ ತನ್ನ ಗಾತ್ರದ ಶೇಕಡ 2ರಷ್ಟು ನೀರು ಬಿಟ್ಟುಕೊಡುತ್ತದೆ ಎಂದು ಹಿಡಿಯಿರಿ: 20 ಸೆಂ.ಮೀ. ನೀರು. ಅದರ ಕೆಳಗಿನ 100 ಮೀಟರ್ ಗಟ್ಟಿ ಬಂಡೆ ಶೇಕಡ 0.1 ಬಿಟ್ಟುಕೊಟ್ಟರೆ 10 ಸೆಂ.ಮೀ. ಹತ್ತು ಪಟ್ಟು ಹೆಚ್ಚು ಕೊರೆದರೂ ಸಿಗುವುದು ಅರ್ಧ.

ಆಳಕ್ಕೆ ಹೋದಷ್ಟೂ ಕಥೆ ಇನ್ನೂ ಬಿಗಿಯಾಗುತ್ತದೆ. ಸಾವಿರ ಅಡಿ, ಅಂದ್ರೆ ಸುಮಾರು 300 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಒತ್ತಡ ಎಷ್ಟು? 2,650 × 9.8 × 300, ಸುಮಾರು 7.8 ಮೆಗಾಪ್ಯಾಸ್ಕಲ್. ಪ್ರತಿ ಚದರ ಸೆಂಟಿಮೀಟರಿಗೆ 80 ಕೆ.ಜಿ. ಹತ್ತಿರ. ಅಷ್ಟು ಭಾರದಡಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಅಡ್ಡ ಬಿರುಕುಗಳಂತೂ ಮೊದಲು. ಬಿರುಕಿನಲ್ಲಿ ಹರಿಯುವ ನೀರು ಬಿರುಕಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಗಲ ಅರ್ಧವಾದರೆ ನೀರು ಎಂಟನೇ ಒಂದು ಭಾಗ. ಆ ಆಳದಲ್ಲೂ ಒಮ್ಮೊಮ್ಮೆ ನೀರು ಸಿಗುತ್ತದೆ, ನಿಜ. ಆದರೆ ಅದು ಎಷ್ಟೋ ಕಾಲದಿಂದ ಕೂಡಿಟ್ಟ ನೀರು, ಈ ವರ್ಷದ ಮಳೆ ಅದನ್ನು ತುಂಬಿಕೊಡುವುದಿಲ್ಲ. ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದದ್ದರಿಂದ ಗ್ರಾನೈಟಿನ ಖನಿಜಗಳಲ್ಲಿರುವ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ಬೋರುಗಳು ಕೋಲಾರ ಸೀಮೆಯಲ್ಲಿವೆ. ಹಲ್ಲು ಹಳದಿಯಾಗುವುದು, ಮೂಳೆ ಬಗ್ಗುವುದು ಇದರ ಫಲ. ಜಿಲ್ಲೆಯ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಗೆ ಸೇರಿಸಿರುವುದು ಸುಮ್ಮನೆ ಅಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬೆಟ್ಟದ ಪಾಠ ಗೊತ್ತಿದ್ದರೆ ಈ ಯೋಜನೆಯ ಎರಡೂ ಮುಖ ಕಾಣುತ್ತವೆ. ಕೆರೆ ಇರುವುದು ಕಲ್ಲು ಕೊಳೆತ, ಬಿರುಕು ದಟ್ಟವಾದ ತಗ್ಗಿನಲ್ಲಿ. ಅಲ್ಲಿ ನಿಂತ ನೀರು ಸುತ್ತಲಿನ ಬೋರುಗಳಿಗೆ ಇಳಿಯುತ್ತದೆ. ಹಾಗೆಯೇ, ಮರಳಿನ ಪದರ ಸೋಸುವಂತೆ ಬಿರುಕು ಸೋಸುವುದಿಲ್ಲ. ನೀರಿನಲ್ಲಿರುವುದೂ ಜೊತೆಗೇ ಇಳಿಯುತ್ತದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಇಲ್ಲಿನ ರೈತ ಸಂಘಟನೆಗಳು ಕೇಳುತ್ತಿರುವುದಕ್ಕೆ ಭೂವಿಜ್ಞಾನದ ಆಧಾರ ಇದು.

ಕಲ್ಲುಗಣಿಯ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ಜಲ್ಲಿ, ಎಂ-ಸ್ಯಾಂಡ್ ಇಲ್ಲದೆ ಸಿವಿಲ್‌ನವರ ಒಂದು ಕಾಲಂ ಕೂಡ ಏಳುವುದಿಲ್ಲ, ಗೊತ್ತು. ಆದರೆ ಎಲ್ಲ ಗುಡ್ಡವೂ ಒಂದೇ ಅಲ್ಲ. ಕೆರೆಯ ನೆತ್ತಿಯಲ್ಲಿರುವ ಗುಡ್ಡ ಒಡೆದರೆ ಕೆರೆಯ ಚಾವಣಿಯನ್ನೇ ಕಿತ್ತಂತೆ. ಹಳ್ಳದ ದಾರಿ ತಪ್ಪುತ್ತದೆ, ಗಣಿಯ ಗುಂಡಿಯಲ್ಲಿ ನೀರು ಉಳಿದುಬಿಡುತ್ತದೆ. ಯಾವ ಗುಡ್ಡ ಯಾವ ಕೆರೆಗೆ ನೀರು ಕೊಡುತ್ತದೆ ಎಂದು ಮೊದಲು ನಕ್ಷೆ ಮಾಡಿ ಆಮೇಲೆ ಪರವಾನಗಿ ಕೊಡುವುದು ಕಷ್ಟದ ಎಂಜಿನಿಯರಿಂಗ್ ಏನಲ್ಲ.

ಹೋದಾಗ ಮಾಡಿ ನೋಡಿ

ಮುಂದಿನ ಭಾನುವಾರ ಅಂತರಗಂಗೆಗೋ ಆವನಿಗೋ ಹೋದರೆ ಮೂರು ಕೆಲಸ ಮಾಡಿ.

1. ಮೊಬೈಲಿನ ದಿಕ್ಸೂಚಿಯಿಂದ ಮೂವತ್ತು ಲಂಬ ಬಿರುಕುಗಳ ದಿಕ್ಕು ಅಳೆದು ಬರೆದುಕೊಳ್ಳಿ. 10 ಡಿಗ್ರಿಗೆ ಒಂದು ಗುಂಪು ಮಾಡಿ ವೃತ್ತದ ನಕ್ಷೆ ಬಿಡಿಸಿ. ಒಂದೆರಡು ದಿಕ್ಕುಗಳು ಎದ್ದು ಕಾಣುತ್ತವೆ.

2. ಉಪಗ್ರಹ ಚಿತ್ರ ತೆರೆದು ಅದೇ ಪ್ರದೇಶದ ಹಳ್ಳಗಳು ನೇರವಾಗಿ ಹರಿಯುವ ಕಡೆ ಗೆರೆ ಎಳೆಯಿರಿ. ನಿಮ್ಮ ವೃತ್ತದ ದಿಕ್ಕುಗಳಿಗೆ ಹೊಂದುತ್ತವೆಯೇ ನೋಡಿ.

3. ಆ ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗಗಳನ್ನು ಗುರುತಿಸಿ, ಹತ್ತಿರದ ಊರಿನಲ್ಲಿ ವಿಚಾರಿಸಿ: ಯಾರ ಬೋರು ಬತ್ತಿಲ್ಲ, ಯಾವ ಹಳೆಯ ಬಾವಿಯಲ್ಲಿ ಕಡೆಯವರೆಗೆ ನೀರಿತ್ತು? ತೋಟದ ಯಜಮಾನರಿಗೆ ಇದರ ಉತ್ತರ ಬಾಯಿಪಾಠ ಇರುತ್ತದೆ. ಅವರ ಉತ್ತರವನ್ನೂ ನಿಮ್ಮ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟರೆ ಒಂದು ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಯಿತು ಅಂತಲೇ ತಿಳಿಯಿರಿ.